ಐದನೇ ತರಗತಿಗೆ ಬಂದರೂ ಓದಲು ಬಾರದ ಮಕ್ಕಳು: ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ
ಬರೆದವರು: ಮುಖ್ಯಶಿಕ್ಷಕಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಊರಿನ ಶಾಲೆ. ಒಂದರಿಂದ ಐದನೇ ತರಗತಿಯವರೆಗೆ 58 ಮಕ್ಕಳಿದ್ದಾರೆ, ನನ್ನನ್ನೂ ಸೇರಿಸಿ ಇಬ್ಬರು ಶಿಕ್ಷಕರಿದ್ದೇವೆ. ಸಹೋದ್ಯೋಗಿ ಒಂದು ಕೋಣೆಯಲ್ಲಿ ನಲಿಕಲಿಯ (ಕಾರ್ಡು, ಚಟುವಟಿಕೆಗಳಿಂದ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿಯ) ಮೊದಲ ಮೂರು ತರಗತಿಗಳನ್ನು ನಡೆಸುತ್ತಾರೆ. ನಾಲ್ಕು ಮತ್ತು ಐದನೇ ತರಗತಿಯ 24 ಮಕ್ಕಳು ಇನ್ನೊಂದು ಕೋಣೆಯಲ್ಲಿ ನನ್ನ ಬಳಿ ಇರುತ್ತಾರೆ. ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ಪ್ರತಿ ವಿದ್ಯಾರ್ಥಿಯ ಆನ್‌ಲೈನ್ ದಾಖಲೆ ವ್ಯವಸ್ಥೆ) ದಾಖಲೆ, ಹಾಲಿನ ಪುಡಿಯ ದಾಸ್ತಾನು, ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆ, ಇವೆಲ್ಲವೂ ಪಾಠದ ನಡುವೆಯೇ ಆಗಬೇಕು.

ಊರಿನ ಬಹುಪಾಲು ಮನೆಗಳಿಗೆ ಜಮೀನಿಲ್ಲ. ಇದ್ದವರಿಗೂ ಮಳೆಯನ್ನೇ ನಂಬಿದ ಒಂದೆರಡು ಎಕರೆ ಇದೆ. ಹತ್ತಿ ಬಿಡಿಸುವ ಹಂಗಾಮು ಬಂದರೆ ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಸ್ವಲ್ಪ ಸಣ್ಣವರು ಮನೆಯ ಕೂಸನ್ನು ನೋಡಿಕೊಳ್ಳುತ್ತಾರೆ. ದೀಪಾವಳಿ ಕಳೆದ ಮೇಲೆ ಹಲವು ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುತ್ತವೆ. ಪಕ್ಕದ ತಾಂಡಾದಿಂದ ಬರುವ ಒಂಬತ್ತು ಮಕ್ಕಳ ಮನೆಮಾತು ಲಂಬಾಣಿ. ಹಸಿವಿನ ಮಟ್ಟಿಗೆ ಶಾಲೆ ಮೊದಲಿನಂತಿಲ್ಲ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ; 2013ರಿಂದ ಕ್ಷೀರಭಾಗ್ಯದ ಹಾಲು ಬಂತು, ಈಗ ಮೊಟ್ಟೆಯೂ ಇದೆ. ಊರಿನಲ್ಲಿದ್ದಷ್ಟು ದಿನ ಮಕ್ಕಳು ಶಾಲೆಗೆ ತಪ್ಪದೆ ಬರುತ್ತಾರೆ. ಬಂದ ಮಕ್ಕಳು ಏಕೆ ಕಲಿಯುತ್ತಿಲ್ಲ ಎಂಬುದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಜೂನ್ ಕೊನೆಯ ವಾರ ಈ 24 ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಡಸಾಲೆಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಎರಡನೇ ತರಗತಿಯ ಮಟ್ಟದ ಕಥೆಯನ್ನು ಓದಿದವರು ಆರು ಮಂದಿ. ನಾಲ್ಕು ಸಾಲಿನ ಸರಳ ವಾಕ್ಯಗಳವರೆಗೆ ಬಂದವರು ಐದು. ಬಿಡಿ ಪದಗಳಲ್ಲೇ ನಿಂತವರು ಎಂಟು. ಉಳಿದ ಐವರಿಗೆ ಮೂಲಾಕ್ಷರಗಳೇ ಪೂರ್ತಿ ಗುರುತಿಲ್ಲ.

ಐದನೇ ತರಗತಿಯ ಒಬ್ಬ ಹುಡುಗನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಅವನ ಕೈಬರಹ ಮುತ್ತು ಪೋಣಿಸಿದಂತಿದೆ. ಕರಿಹಲಗೆಯ ಮೇಲಿರುವುದನ್ನು ಒಂದು ಒತ್ತಕ್ಷರವೂ ತಪ್ಪದಂತೆ ನೋಟ್‌ಬುಕ್ಕಿಗೆ ಇಳಿಸುತ್ತಾನೆ. ಒಂದು ವರ್ಷವಿಡೀ ಆ ನೋಟ್‌ಬುಕ್ಕಿನ ಕೆಳಗೆ ‘ಉತ್ತಮ’ ಎಂದು ಬರೆದು ಸಹಿ ಹಾಕಿದವಳು ನಾನೇ. ಅಂದು ಅವನದೇ ಬರಹದ ಒಂದು ಸಾಲಿನ ಮೇಲೆ ಬೆರಳಿಟ್ಟು ಓದು ಎಂದಾಗ ಬಹಳ ಹೊತ್ತು ಆ ಸಾಲನ್ನು ನೋಡಿದ, ಆಮೇಲೆ ನನ್ನ ಮುಖವನ್ನು ನೋಡಿದ, ಕೊನೆಗೆ ‘ಬರಿಯಾಕ ಬರತೈತ್ರೀ, ಓದಾಕ ಬರಂಗಿಲ್ಲ’ ಎಂದ.

ಐದನೇ ತರಗತಿಯ ಪಠ್ಯವನ್ನು ವಾರ್ಷಿಕ ಯೋಜನೆಯಂತೆ ಮುಗಿಸಲೇಬೇಕು. ಹಾಗೆ ಮುಗಿಸುತ್ತ ಹೋದರೆ 24ರಲ್ಲಿ 13 ಮಕ್ಕಳಿಗೆ ಆ ಪಾಠ ಕಿವಿಗೆ ಬೀಳುತ್ತದೆಯೇ ಹೊರತು ತಲೆಗೆ ಹೋಗುವುದಿಲ್ಲ. ಇನ್ನೊಬ್ಬ ಶಿಕ್ಷಕರು ಬೇಕು ಎಂಬುದು ನನಗೂ ಗೊತ್ತು, ಅದು ನನ್ನ ಕೈಯಲ್ಲಿಲ್ಲ. ಇರುವ ಇಬ್ಬರಿಂದ, ಈ ವರ್ಷವೇ, ಮೊದಲು ಮಾಡಬೇಕಾದ ಕೆಲಸ ಯಾವುದು? ಇಂತಹ ಶಾಲೆಯಲ್ಲಿ ದುಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ನಿವೃತ್ತ ಶಿಕ್ಷಕ, ಹೆಗ್ಗಡದೇವನಕೋಟೆ

ಮೇಡಂ, ಮೊದಲು ಮಾಡಬೇಕಾದ ಕೆಲಸವನ್ನು ನೀವು ಜೂನ್‌ನಲ್ಲಿಯೇ ಮಾಡಿದ್ದೀರಿ. ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು, ಅದು ಎಲ್ಲಿ ನಿಂತಿದೆ ಎಂದು ಬರೆದಿಟ್ಟುಕೊಳ್ಳುವುದು ಸಣ್ಣ ಕೆಲಸವೆಂದು ಕಾಣಬಹುದು. ಲಿಖಿತ ಪರೀಕ್ಷೆಯಲ್ಲಿ ನಿಮ್ಮ ಆ ಹುಡುಗನಂತಹವರು ಪ್ರಶ್ನೆಪತ್ರಿಕೆಯನ್ನೇ ನೋಡಿಕೊಂಡು ಬರೆದು ಅರ್ಧ ಅಂಕ ಗಿಟ್ಟಿಸುತ್ತಾರೆ, ಅವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಶಿಕ್ಷಣ ಕ್ಷೇತ್ರದ ಸ್ವಯಂಸೇವಾ ಸಂಸ್ಥೆಯಾದ ಪ್ರಥಮ್‌ನವರು 2005ರಿಂದ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸಮೀಕ್ಷೆಗೆ ಬಳಸುತ್ತಿರುವ ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ನಾಲ್ಕು ಮೆಟ್ಟಿಲುಗಳೂ ನೀವು ಬಳಸಿದಂಥವೇ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ. 42.8, 2024ರಲ್ಲಿ ಶೇ. 48.8 ಎಂದು ಆ ಸಮೀಕ್ಷೆ ತೋರಿಸಿದೆ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಇಷ್ಟು ದೊಡ್ಡ ಸಂಖ್ಯೆ ಒಬ್ಬ ಶಿಕ್ಷಕಿಯ ತಪ್ಪಿನಿಂದ ಆಗುವುದಲ್ಲ, ನಾವು ತರಗತಿಯನ್ನು ಜೋಡಿಸಿರುವ ರೀತಿಯಲ್ಲಿಯೇ ಏನೋ ಸರಿಯಿಲ್ಲ ಎಂಬುದಕ್ಕೆ ಹೇಳುತ್ತಿದ್ದೇನೆ.

ನಮ್ಮ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ನಲಿಕಲಿ ಆರಂಭವಾಯಿತು. ಅದಕ್ಕೆ ಪ್ರೇರಣೆ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳು. ನಮಗೆ ಹಾಡಿಗಳಿಂದ, ಅಂದರೆ ಕಾಡಂಚಿನ ಆದಿವಾಸಿ ಕೇರಿಗಳಿಂದ, ಮಕ್ಕಳು ಬರುತ್ತಿದ್ದರು. ದೊಡ್ಡವರ ಜೊತೆ ಕಾಡಿಗೆ, ಕೂಲಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲಿಗೋ ಹೋಗಿಬಿಟ್ಟಿರುತ್ತಿತ್ತು. ಇನ್ನೆರಡು ದಿನ ಬಾಯಿ ಮುಚ್ಚಿ ಕೂತು, ಮೂರನೆಯ ದಿನದಿಂದ ಅದು ಬರುವುದನ್ನೇ ನಿಲ್ಲಿಸುತ್ತಿತ್ತು. ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ) ಮತ್ತು ಕಾರ್ಡುಗಳು ಬಂದ ಮೇಲೆ ಅದೇ ಮಗು ತಾನು ಬಿಟ್ಟುಹೋದ ಮೈಲಿಗಲ್ಲಿನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು ತನ್ನ ತಟ್ಟೆಯಲ್ಲಿ (ಗುಂಪಿಗೆ ನಾವು ಕರೆಯುವ ಹೆಸರು) ಹೋಗಿ ಕೂರುತ್ತಿತ್ತು. ನಲಿಕಲಿಯ ಹಾಡು, ಚಪ್ಪರ, ಬಣ್ಣಗಳನ್ನು ಜನ ಹೆಚ್ಚು ನೆನೆಯುತ್ತಾರೆ. ನನ್ನ ಮಟ್ಟಿಗೆ ಅದರ ಜೀವ ಇದ್ದದ್ದು ಬಿಟ್ಟಲ್ಲಿಂದ ಹಿಡಿಯಲು ಮಗುವಿಗೆ ಸಿಗುತ್ತಿದ್ದ ಅವಕಾಶದಲ್ಲಿ.

2009–10ರಲ್ಲಿ ನಲಿಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೂ ಹೋಯಿತು. ಆದರೆ ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ನಾವು ಆ ಏಣಿಯನ್ನು ಎಳೆದುಹಾಕುತ್ತೇವೆ. ಎಲ್ಲರ ಕೈಗೂ ಒಂದೇ ಪುಸ್ತಕ ಕೊಟ್ಟು, ಎಲ್ಲರನ್ನೂ ಒಂದೇ ಪುಟದಲ್ಲಿ ನಿಲ್ಲಿಸುತ್ತೇವೆ. ಕನ್ನಡ ಓದುವುದು ಮೂರನೇ ತರಗತಿಗೆ ಮುಗಿದುಹೋಗುವ ಕೆಲಸವಲ್ಲ. ಮೂಲಾಕ್ಷರಗಳನ್ನು ಕಲಿತ ಮಗುವಿನ ಮುಂದೆ ಗುಣಿತಾಕ್ಷರಗಳ ದೊಡ್ಡ ಸಾಲು ಇರುತ್ತದೆ, ಅದರ ಮುಂದೆ ಒತ್ತಕ್ಷರಗಳಿರುತ್ತವೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿರುವ ಸೋನಾಲಿ ನಾಗ್ ಅವರು, ಇವೆಲ್ಲ ಕೈಗೂಡಲು ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ಕಾಲ ಹಿಡಿಯುತ್ತದೆ ಎಂದು ತೋರಿಸಿದ್ದಾರೆ. ಹಾಗಿರುವಾಗ ಎರಡು, ಮೂರನೇ ತರಗತಿಯಲ್ಲಿ ಗುಳೆ ಹೋಗಿ ನಾಲ್ಕು ನಾಲ್ಕು ತಿಂಗಳು ತಪ್ಪಿಸಿಕೊಂಡ ಮಗುವಿಗೆ ಗುಣಿತ, ಒತ್ತುಗಳೇ ಕೈತಪ್ಪಿರುತ್ತವೆ. ನಿಮ್ಮ ಎಂಟು ಮಕ್ಕಳು ಪದದ ಮೆಟ್ಟಿಲಿನಲ್ಲಿ ನಿಂತಿರುವುದಕ್ಕೆ ಇದೇ ಕಾರಣವಿರಬಹುದು. ಅವರು ಯಾವ ಅಕ್ಷರದ ಬಳಿ ತಡವರಿಸುತ್ತಾರೆ ಎಂದು ಇನ್ನೊಮ್ಮೆ ಕೇಳಿ ನೋಡಿ.

ದಿನಕ್ಕೆ ಒಂದು ಗಂಟೆಯನ್ನು ಪುಸ್ತಕದಿಂದ ಬಿಡಿಸಿಕೊಂಡು ಮಕ್ಕಳಿಗೆ ಕೊಡಿ ಎಂಬುದು ನನ್ನ ಸಲಹೆ. ಆ ಗಂಟೆಯಲ್ಲಿ ನಾಲ್ಕನೇ ತರಗತಿ, ಐದನೇ ತರಗತಿ ಎಂಬ ಭೇದ ಬೇಡ. ಓದುವ ಮಟ್ಟದ ಮೇಲೆ ಮಕ್ಕಳು ಕೂರಲಿ. ಅಕ್ಷರ ಮತ್ತು ಪದದ ಮಟ್ಟದ 13 ಮಕ್ಕಳು ಪಡಸಾಲೆಯಲ್ಲಿ ನಿಮ್ಮ ಪಕ್ಕದಲ್ಲಿರಲಿ. ಉಳಿದ 11 ಮಕ್ಕಳು ಕೋಣೆಯೊಳಗೆ ಇಬ್ಬಿಬ್ಬರಾಗಿ ಓದಿಕೊಳ್ಳಲಿ, ಕೊನೆಯ ಕಾಲು ಗಂಟೆ ಅವರ ಬಳಿ ಹೋಗಿ ಓದಿದ್ದನ್ನು ಕೇಳಿ. ಅಕ್ಷರ ಬಾರದ ಐವರನ್ನು ನಲಿಕಲಿ ಕೋಣೆಗೆ ಕಳುಹಿಸಬೇಡಿ. ಕಾರ್ಡುಗಳು ಅಲ್ಲಿವೆ ಎಂಬುದು ನಿಜ, ಆದರೆ ಐದನೇ ತರಗತಿಯ ಮಗುವನ್ನು ಒಂದನೇ ತರಗತಿಯವರ ಜೊತೆ ಕೂರಿಸಿದರೆ ಅದು ಮರುದಿನ ಬರುವುದಿಲ್ಲ. ಕಾರ್ಡುಗಳೇ ನಿಮ್ಮ ಕಡೆಗೆ ಬರಲಿ.

ವರ್ಣಮಾಲೆಯನ್ನು ‘ಅ’ಯಿಂದ ಮತ್ತೆ ಹೇಳಿಸಬೇಡಿ, ಬಾಯಿಪಾಠವಾಗಿ ಅದು ಅವರಿಗೆ ಬರುತ್ತದೆ, ಅದರಿಂದಲೇ ನಾವು ಮೋಸಹೋಗುವುದು. ನಲಿಕಲಿಯ ಕ್ರಮದಲ್ಲಿ ರ, ಗ, ಸ, ದ, ಅ ಎಂಬ ಐದನ್ನು ಮಾತ್ರ ಹಿಡಿಯಿರಿ. ಆ ಐದರಿಂದಲೇ ಮೊದಲ ವಾರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಮಗು ಓದುತ್ತದೆ. ತಾನು ಓದಿದ್ದು ಒಂದು ವಸ್ತುವಿನ ಹೆಸರು ಎಂದು ಹೊಳೆದಾಗ ಅದರ ಮುಖ ಹೇಗಾಗುತ್ತದೆ ಎಂಬುದನ್ನು ಮೂವತ್ತು ವರ್ಷ ನೋಡಿದ್ದೇನೆ. ಪದದ ಮಟ್ಟದವರಿಗೆ ದಿನವೂ ಹತ್ತು ನಿಮಿಷ ಕಾಗುಣಿತದ ಪಟ್ಟಿಯನ್ನು ಅಡ್ಡಲಾಗಿಯೂ ಉದ್ದಕ್ಕೂ ಓದಿಸಿ, ಮಿಂಚುಪಟ್ಟಿಗಳಿಂದ (ಅಕ್ಷರ ಬರೆದ ಚೀಟಿಗಳಿಂದ) ಪದ ಕಟ್ಟಿಸಿ, ನೆಲದ ಮೇಲೆ ಬಳಪದಿಂದ ಬರೆಸಿ. ನೋಡಿ ಬರೆಯುವ ಕೆಲಸ ಆ ಗಂಟೆಯಲ್ಲಿ ಬೇಡವೇ ಬೇಡ.

ಒಂದು ಎಚ್ಚರಿಕೆಯ ಮಾತು. ಮಟ್ಟಕ್ಕೆ ತಕ್ಕ ಈ ಕಲಿಕೆಯನ್ನು ಪ್ರಥಮ್ ಸಂಸ್ಥೆ ಹಲವು ರಾಜ್ಯಗಳಲ್ಲಿ ನಡೆಸಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ತಮ್ಮ ಸಂಗಡಿಗರೊಂದಿಗೆ ಅದನ್ನು ಪರೀಕ್ಷಿಸಿದ್ದಾರೆ. ಬಿಹಾರದಲ್ಲಿ ಶಿಕ್ಷಕರಿಗೆ ಸಾಮಗ್ರಿ ಮಾತ್ರ ಕೊಟ್ಟ ಕಡೆ ಏನೂ ಬದಲಾಗಲಿಲ್ಲ, ಏಕೆಂದರೆ ಅವರು ಹೊಸ ಸಾಮಗ್ರಿಯಿಂದಲೂ ಹಳೆಯ ರೀತಿಯಲ್ಲಿಯೇ ಇಡೀ ತರಗತಿಗೆ ಪಾಠ ಮಾಡಿದರು. ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಇದಕ್ಕೆಂದೇ ಮೀಸಲಿಟ್ಟು, ಮಕ್ಕಳನ್ನು ಮಟ್ಟದಂತೆ ಬೇರೆ ಕೂರಿಸಿ, ಮೇಲ್ವಿಚಾರಕರು ಬಂದು ನೋಡುವಂತೆ ಮಾಡಿದಾಗ ಓದು ಸುಧಾರಿಸಿತು. ಆದ್ದರಿಂದ ಯಾರು ಬಂದರೂ, ಯಾವ ಮಾಹಿತಿಯನ್ನು ತುರ್ತಾಗಿ ಕೇಳಿದರೂ, ಆ ಗಂಟೆಯನ್ನು ಮಾತ್ರ ಬಿಟ್ಟುಕೊಡಬೇಡಿ.

ಉತ್ತರ 2
ಬರೆದವರು: ಗಣಿತ ಶಿಕ್ಷಕ, ಹಿರಿಯ ಪ್ರಾಥಮಿಕ ಶಾಲೆ, ಧಾರವಾಡ ಜಿಲ್ಲೆ

ಹಿರಿಯರ ಅನುಭವಕ್ಕೆ ಗೌರವ ಸಲ್ಲಿಸುತ್ತಲೇ ನನ್ನ ಆತಂಕವನ್ನು ಹೇಳುತ್ತೇನೆ. ಮಟ್ಟದ ಗುಂಪು ಮಾಡಿದ ಶಾಲೆಗಳನ್ನು ನೋಡಿದ್ದೇನೆ. ತಿಂಗಳೊಳಗೆ ಮಕ್ಕಳ ಬಾಯಲ್ಲಿ ಅದು ದಡ್ಡರ ಗುಂಪು, ಶಾಣ್ಯಾರ ಗುಂಪು ಎಂದಾಗಿರುತ್ತದೆ. ಒಮ್ಮೆ ಕೆಳಗಿನ ಗುಂಪಿಗೆ ಬಿದ್ದ ಮಗು ಮಾರ್ಚ್‌ವರೆಗೂ ಅಲ್ಲಿಯೇ ಇರುತ್ತದೆ; ಅದು ಯಾರ ಮಗು ಎಂದು ಕೇಳಿದರೆ ಕೂಲಿಯವರದ್ದೇ ಆಗಿರುತ್ತದೆ. ಉಳ್ಳವರ ಮಕ್ಕಳು ಕಥೆ, ಕವಿತೆ, ವಿಜ್ಞಾನ ಓದುವಾಗ ಬಡವರ ಮಕ್ಕಳು ವರ್ಷವಿಡೀ ಗರಗಸ ಎಂದು ಓದುತ್ತಿದ್ದರೆ ಅದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಐದು ಮುಗಿಸಿ ಆರನೇ ತರಗತಿಗೆ ನಮ್ಮಂತಹ ಶಾಲೆಗೆ ಬಂದ ಮಗುವಿನ ಮುಂದೆ ಏಳು ಪುಸ್ತಕಗಳಿರುತ್ತವೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ವಿಷಯ. ಮೇಡಂ, ನೀವು ಓದನ್ನು ಮಾತ್ರ ಅಳೆದಿದ್ದೀರಿ. ಈ ಮಕ್ಕಳ ಲೆಕ್ಕವನ್ನೂ ನೋಡಿ, ಆದರೆ ಕರಿಹಲಗೆಯ ಮೇಲೆ ಮಾತ್ರ ನೋಡಬೇಡಿ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಗಿದೆ. ಗಿರಾಕಿ ಕೇಳಿದ ತೂಕಕ್ಕೆ ಬೆಲೆ ಕಟ್ಟಿ ಚಿಲ್ಲರೆ ಹಿಂದಿರುಗಿಸುವುದನ್ನು ಮನಸ್ಸಿನಲ್ಲಿಯೇ ಮಾಡುವ ಮಕ್ಕಳು ಅದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟಾಗ ತಪ್ಪಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಹತ್ತಿ ಬಿಡಿಸಲು ಹೋಗುವ ನಿಮ್ಮ ಮಕ್ಕಳಿಗೆ ಕಿಲೋಗೆ ಎಷ್ಟು ಕೂಲಿ, ತಾನೂ ಅವ್ವನೂ ಸೇರಿ ಎಷ್ಟು ಬಿಡಿಸಿದೆವು ಎಂಬ ಲೆಕ್ಕ ಬಂದೇ ಬರುತ್ತದೆ. ನಾನು ಗುಣಾಕಾರವನ್ನು ಆ ಲೆಕ್ಕದಿಂದಲೇ ಶುರುಮಾಡುತ್ತೇನೆ: ಮೊದಲು ಬಾಯಲ್ಲಿ ಹೇಳಿಸುತ್ತೇನೆ, ಆಮೇಲೆ ಅವರು ಮಾಡಿದ್ದನ್ನು ಅವರ ಎದುರಿಗೇ ಹಲಗೆಯ ಮೇಲೆ ಅಂಕಿಯಲ್ಲಿ ಬರೆಯುತ್ತೇನೆ. ‘ಹೌದಲ್ರೀ ಸರ, ಇದಽ ನಾ ಮಾಡಿದ್ದು’ ಎಂದು ಮಗು ಹೇಳುವವರೆಗೆ ಮುಂದಿನ ಲೆಕ್ಕಕ್ಕೆ ಹೋಗುವುದಿಲ್ಲ.

ಉತ್ತರ 3
ಬರೆದವರು: ಶಿಕ್ಷಕಿ, ತಾಂಡಾ ಶಾಲೆ, ವಿಜಯಪುರ ಜಿಲ್ಲೆ

ಮೇಡಂ, ನಿಮ್ಮ ಒಂಬತ್ತು ತಾಂಡಾ ಮಕ್ಕಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಾನೂ ಅಂತಹ ಒಂದು ಮಗುವಾಗಿದ್ದೆ. ನಮ್ಮ ಮನೆಮಾತು ಗೋರ್‌ಬೋಲಿ, ನೀವು ಲಂಬಾಣಿ ಎನ್ನುವುದು ಅದನ್ನೇ. ಶಾಲೆಗೆ ಸೇರುವವರೆಗೆ ತಾಯಿ ನನಗೆ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ, ಮನೆ ಘರ. ಒಂದನೇ ತರಗತಿಯಲ್ಲಿ ಗುರುಗಳು ರೊಟ್ಟಿಯ ಚಿತ್ರ ತೋರಿಸಿ ಇದೇನು ಎಂದು ಕೇಳಿದಾಗ ನಾನು ಬಾಟಿ ಎಂದೆ. ಅವರು ತಪ್ಪು ಎಂದರು. ದಿನವೂ ತಿನ್ನುವ ರೊಟ್ಟಿಯ ಹೆಸರು ನನಗೆ ಗೊತ್ತಿಲ್ಲ ಎಂದು ಅಂದಿನಿಂದ ತಿಳಿದುಕೊಂಡೆ, ಇಡೀ ವರ್ಷ ಬಾಯಿ ತೆರೆಯಲಿಲ್ಲ.

ಈ ಮಕ್ಕಳಿಗೆ ಒಂದೇ ಹೊತ್ತಿಗೆ ಎರಡು ಕೆಲಸಗಳು ಬೀಳುತ್ತವೆ: ಹೊಸ ಭಾಷೆಯನ್ನು ಕಲಿಯುವುದು, ಆ ಭಾಷೆಯ ಲಿಪಿಯನ್ನು ಓದುವುದು. ಕನ್ನಡದ ಮಗು ‘ಅಗಸ’ ಎಂದು ಕೂಡಿಸಿ ಓದಿದಾಗ, ಕೇಳಿದ ಪದವೊಂದು ಅದಕ್ಕೆ ಸಿಗುತ್ತದೆ. ತಾಂಡಾದ ಮಗು ಅಷ್ಟೇ ಸರಿಯಾಗಿ ಕೂಡಿಸಿದರೂ ಕೈಗೆ ಏನೂ ಸಿಗುವುದಿಲ್ಲ, ಅದು ಕೇವಲ ಸದ್ದು. ಆದ್ದರಿಂದ ನೀವು ಗುಂಪು ಮಾಡುವಾಗ ಈ ಮಕ್ಕಳು ಏಕೆ ಪದದಲ್ಲಿ ನಿಂತಿದ್ದಾರೆ ಎಂದು ಬೇರೆಯಾಗಿ ನೋಡಬೇಕು. ಅಕ್ಷರ ಗೊತ್ತಿದ್ದು ಅರ್ಥ ಗೊತ್ತಿಲ್ಲದ ಮಗುವಿಗೆ ಕಾಗುಣಿತದ ಪಟ್ಟಿಯಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕೆ ಬೇಕಾಗಿರುವುದು ಕನ್ನಡದಲ್ಲಿ ಮಾತು, ಕಥೆ, ಆಟ. ‘ಬಂಡಿ ಬಂದಳು’ ಎಂದು ಅವರು ಹೇಳಿದರೆ ನಗುವವರನ್ನು ತಡೆಯಿರಿ. ನಮ್ಮ ಭಾಷೆಯಲ್ಲಿ ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣು ಎಂಬ ಲಿಂಗಭೇದವಿದೆ, ಮಗು ತನ್ನ ವ್ಯಾಕರಣವನ್ನು ಸರಿಯಾಗಿ ಪಾಲಿಸುತ್ತಿರುತ್ತದೆ. ಮಹಾಪ್ರಾಣಗಳ ವಿಷಯದಲ್ಲಿಯಂತೂ ನಮ್ಮ ಮಕ್ಕಳೇ ಮುಂದು; ಘ, ಭ, ಧ ನಮಗೆ ಮನೆಯಲ್ಲಿಯೇ ಬಂದಿರುತ್ತವೆ. ಅಂತಹ ಒಂದು ಅಕ್ಷರದ ದಿನ ಉಚ್ಚಾರಣೆಯನ್ನು ತಾಂಡಾದ ಮಗುವಿನಿಂದಲೇ ಇಡೀ ತರಗತಿಗೆ ಹೇಳಿಸಿ ನೋಡಿ.

ನನ್ನ ಶಾಲೆಯ ಗೋಡೆಯ ಮೇಲೆ ಎರಡು ಸಾಲಿನ ಪದಪಟ್ಟಿ ಇದೆ. ಎಡಗಡೆ ಗೋರ್‌ಬೋಲಿಯ ಪದ, ಬಲಗಡೆ ಅದರ ಕನ್ನಡ. ಎರಡೂ ಕನ್ನಡ ಲಿಪಿಯಲ್ಲಿಯೇ ಇವೆ. ಮಕ್ಕಳು ಮೊದಲು ಓದುವುದು ಎಡಗಡೆಯ ಸಾಲನ್ನು. ಅದಕ್ಕೆ ಖರ್ಚು ಏನೂ ಇಲ್ಲ, ಪದಗಳನ್ನು ಬರೆದುಕೊಡಲು ತಾಂಡಾದ ತಾಯಂದಿರನ್ನು ಕೇಳಿದರೆ ಸಾಕು. ಓದು ಬಾರದ ತಾಯಂದಿರೂ ಪದ ಹೇಳಲು ಶಾಲೆಗೆ ಬಂದು ಕೂತರು.

ಉತ್ತರ 4
ಬರೆದವರು: ಗ್ರಂಥಾಲಯ ಮೇಲ್ವಿಚಾರಕಿ, ಗ್ರಾಮ ಪಂಚಾಯಿತಿ ಅರಿವು ಕೇಂದ್ರ, ಯಾದಗಿರಿ ಜಿಲ್ಲೆ

ಅಕ್ಕೋರೇ, ನಾನು ಶಿಕ್ಷಕಿಯಲ್ಲ. ಗುಳೆ ಹೋದ ಮನೆಯ ಮಗಳು. ಮೂರನೇ ತರಗತಿಯಲ್ಲಿದ್ದಾಗ ಅವ್ವ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ, ಕಟ್ಟುತ್ತಿದ್ದ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಐದು ತಿಂಗಳು ತಮ್ಮನನ್ನು ನೋಡಿಕೊಂಡಿದ್ದೆ. ಸಿಮೆಂಟ್ ಚೀಲದ ಮೇಲಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ, ಓದಲು ಬೇರೇನೂ ಇರಲಿಲ್ಲ. ಅಲ್ಲಿಂದ ನಡೆದುಹೋಗುವಷ್ಟು ಹತ್ತಿರದಲ್ಲಿಯೇ ಸರ್ಕಾರಿ ಶಾಲೆ ಇತ್ತು ಎಂಬುದು ನಮಗೆ ತಿಳಿದದ್ದು ಊರಿಗೆ ಮರಳುವ ವಾರದಲ್ಲಿ.

ಈ ಕಾರಣಕ್ಕೆ ನನ್ನ ಬೇಡಿಕೆ ಇಷ್ಟೇ. ದೀಪಾವಳಿಗೆ ಮೊದಲೇ, ಯಾವ ಯಾವ ಮನೆಯವರು ಹೋಗುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ ಬರೆದುಕೊಳ್ಳಿ. ಅಜ್ಜಿ ತಾತ ಊರಲ್ಲಿದ್ದರೆ ಮಗುವನ್ನು ಬಿಟ್ಟುಹೋಗಲು ಒಪ್ಪಿಸಬಹುದು. ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿಯಲು ಹಂಗಾಮಿ ವಸತಿ ಕೇಂದ್ರ ತೆರೆಯುವಂತಿದ್ದರೆ ಅದಕ್ಕೆ ಈಗಲೇ ಅರ್ಜಿ ಹೋಗಬೇಕು, ಮಕ್ಕಳು ಹೊರಟ ಮೇಲೆ ಅಲ್ಲ. ಹೋಗಲೇಬೇಕಾದ ಮಗುವಿನ ಕೈಯಲ್ಲಿ ಒಂದು ಚೀಟಿ ಕೊಡಿ: ಎಸ್‌ಎಟಿಎಸ್ ಸಂಖ್ಯೆ, ಶಾಲೆಯ ಹೆಸರು, ನಿಮ್ಮ ಫೋನ್ ಸಂಖ್ಯೆ, ಮತ್ತು ಈ ಮಗು ಎಲ್ಲಿಯವರೆಗೆ ಓದುತ್ತದೆ ಎಂಬ ಎರಡು ಸಾಲು. ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮಿನ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ತಲೆಯ ಮೇಲೆ ಇಟ್ಟಿಗೆ ಹೊರುವ ತಾಯಿಗೆ ಆ ಕಲಮು ಗೊತ್ತಿರುವುದಿಲ್ಲ, ಚೀಟಿ ಇದ್ದರೆ ಅದೇ ಅವಳ ಪರವಾಗಿ ಮಾತನಾಡುತ್ತದೆ.

ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತುಕೊಂಡು ಮನೆಯಲ್ಲಿ ಉಳಿಯುವ ಹುಡುಗಿಯರಿಗಾಗಿ ನಿಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆಯೇ ವಿಚಾರಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಅದನ್ನು ಮಾಡಿದ್ದಾರೆ. ಕೂಸು ಅಲ್ಲಿಗೆ ಹೋದ ದಿನವೇ ಅಕ್ಕ ಶಾಲೆಗೆ ಬರುತ್ತಾಳೆ.

ನಮ್ಮ ಅರಿವು ಕೇಂದ್ರಗಳಲ್ಲಿ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಚಿತ್ರವಿರುವ, ಪುಟಕ್ಕೆ ಎರಡೇ ಸಾಲಿರುವ ಪುಸ್ತಕಗಳನ್ನು ನಾನು ಕಪಾಟಿನಲ್ಲಿಡದೆ ಚಾಪೆಯ ಮೇಲೆ ಹರಡಿ ಇಡುತ್ತೇನೆ. ಪುಸ್ತಕ ಹರಿದೀತು ಎಂಬ ಭಯಕ್ಕೆ ಬೀಗ ಹಾಕಿಟ್ಟರೆ ಅದು ಇಲಿಗಳಿಗೆ ಮಾತ್ರ ಉಪಯೋಗವಾಗುತ್ತದೆ. ನಿಮ್ಮ ಊರಿನ ಕೇಂದ್ರದವರನ್ನು ಕೇಳಿದರೆ ನಿಮ್ಮ ಆ ಗಂಟೆಗೆ ಬೇಕಾದ ಪುಸ್ತಕಗಳನ್ನು ಖಂಡಿತ ಕೊಡುತ್ತಾರೆ.

ಉತ್ತರ 5
ಬರೆದವರು: ನಿವೃತ್ತ ಶಿಕ್ಷಕ, ಹೆಗ್ಗಡದೇವನಕೋಟೆ

ಧಾರವಾಡದ ಸರ್ ಹೇಳಿದ ಅಪಾಯ ನಿಜವಾದದ್ದು, ನಾನೇ ಅದನ್ನು ಮೊದಲು ಹೇಳಬೇಕಿತ್ತು. ಗುಂಪು ಮಗುವಿನ ಹಣೆಪಟ್ಟಿಯಾಗಬಾರದು. ಅದಕ್ಕೆ ಎರಡು ಉಪಾಯಗಳನ್ನು ನಾವು ಪಾಲಿಸುತ್ತಿದ್ದೆವು. ಮೊದಲನೆಯದು, ಎರಡು ವಾರಕ್ಕೊಮ್ಮೆ ಪ್ರತಿ ಮಗುವನ್ನೂ ಮತ್ತೆ ಓದಿಸಿ ಗುಂಪು ಬದಲಿಸುವುದು. ತಿಂಗಳಾದರೂ ಒಂದು ಮಗು ಕದಲದಿದ್ದರೆ ಕಲಿಸುವ ರೀತಿಯನ್ನು ಬದಲಿಸಬೇಕು, ಕಣ್ಣು ಕಿವಿಗಳನ್ನು ಆರೋಗ್ಯ ತಪಾಸಣೆಯ ತಂಡಕ್ಕೆ ತೋರಿಸಬೇಕು. ನಾವು ಮಂದಬುದ್ಧಿ ಎಂದುಕೊಂಡಿದ್ದ ಒಬ್ಬ ಹುಡುಗಿಗೆ ಕನ್ನಡಕ ಬಂದ ತಿಂಗಳಲ್ಲಿಯೇ ಪದಗಳು ಕೂಡಿಬಂದವು. ಎರಡನೆಯದು, ಆ ಗಂಟೆಯ ಮೊದಲ ಹತ್ತು ನಿಮಿಷ ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಶಿಕ್ಷಕರು ಗಟ್ಟಿಯಾಗಿ ಓದುವ ಒಂದು ಒಳ್ಳೆಯ ಕಥೆಯನ್ನು ಕೇಳುವುದು, ಅದರ ಬಗ್ಗೆ ಮಾತನಾಡುವುದು. ಅಕ್ಷರ ಬಾರದ ಮಗುವಿಗೂ ಐದನೇ ತರಗತಿಯ ಬುದ್ಧಿ ಇರುತ್ತದೆ. ತಾಂಡಾದ ಮಕ್ಕಳಿಗೆ ಬೇಕೆಂದು ವಿಜಯಪುರದ ಮೇಡಂ ಹೇಳಿದ ಮಾತುಕತೆಯೂ ಅಲ್ಲಿಯೇ ಆಗುತ್ತದೆ.

ಪಠ್ಯದ ಉಳಿದ ಪಾಠಗಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ ಇರಬೇಕು. ಅದರಲ್ಲಿ ದಿನಕ್ಕೊಂದು ಗಂಟೆ ತೆಗೆದರೂ 600 ಗಂಟೆ ಪಠ್ಯಕ್ಕೆ ಉಳಿಯುತ್ತದೆ, ಓದು ಬಂದ ಮಗುವಿಗೆ ಆ 600 ಗಂಟೆಯೂ ದಕ್ಕುತ್ತದೆ.

ಪ್ರಶ್ನೆ ಕೇಳಿದವರು, ದಸರಾ ರಜೆಯ ನಂತರ
ಬರೆದವರು: ಮುಖ್ಯಶಿಕ್ಷಕಿ, ರಾಯಚೂರು ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಜುಲೈ ಎರಡನೇ ವಾರದಿಂದ ಹಾಲು ಕುಡಿದಾದ ಕೂಡಲೇ ಒಂದು ಗಂಟೆ ನಡೆಸುತ್ತಿದ್ದೇವೆ. ಗುಂಪುಗಳಿಗೆ ಕೃಷ್ಣಾ, ಭೀಮಾ, ತುಂಗಭದ್ರಾ ಎಂದು ಹೆಸರಿಟ್ಟು, ಹೆಸರುಗಳನ್ನು ಎರಡು ವಾರಕ್ಕೊಮ್ಮೆ ಅದಲುಬದಲು ಮಾಡುತ್ತೇವೆ. ಆ ಗಂಟೆಯಲ್ಲಿ ಏಳು ದಿನ ತಪ್ಪಿವೆ. ಐದು ಸಭೆಗಳಿಂದ, ಎರಡು ನನ್ನ ಜ್ವರದಿಂದ. ಸಭೆಗಳನ್ನು ಮಧ್ಯಾಹ್ನಕ್ಕೆ ಇಡುವಂತೆ ನಮ್ಮ ಸಿಆರ್‌ಪಿಯವರನ್ನು (ಕ್ಲಸ್ಟರ್ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಯನ್ನು) ಕೇಳಿದೆ. ಅವರು ಒಂದು ಬೆಳಿಗ್ಗೆ ಬಂದು ಪಡಸಾಲೆಯಲ್ಲಿ ಕೂತು ನೋಡಿದ ಮೇಲೆ ಒಪ್ಪಿದರು.

ಅಕ್ಟೋಬರ್ ಮೊದಲ ವಾರ ಮತ್ತೆ ಓದಿಸಿದೆ. ಕಥೆ ಓದುವವರು ಆರರಿಂದ ಹತ್ತಾಗಿದ್ದಾರೆ. ವಾಕ್ಯಗಳಲ್ಲಿ ಏಳು, ಪದಗಳಲ್ಲಿ ಐದು, ಅಕ್ಷರದಲ್ಲಿ ಇನ್ನೂ ಇಬ್ಬರಿದ್ದಾರೆ. ತಾಂಡಾದ ಮಕ್ಕಳ ವಿಷಯದಲ್ಲಿ ನನ್ನ ಜೂನ್ ತಿಂಗಳ ಅಂದಾಜು ತಪ್ಪಾಗಿತ್ತು: ಪದದಲ್ಲಿ ನಿಂತಿದ್ದ ನಾಲ್ವರಿಗೆ ಅಕ್ಷರಗಳೆಲ್ಲವೂ ಬರುತ್ತಿದ್ದವು, ಅರ್ಥ ಬರುತ್ತಿರಲಿಲ್ಲ. ಈಗ ನಮ್ಮ ಗೋಡೆಯ ಮೇಲೂ ಎರಡು ಸಾಲಿನ ಪದಪಟ್ಟಿ ಇದೆ, ಎಡಗಡೆಯ ಮೊದಲ ಪದ ಯಾಡಿ. ಗಣಿತಕ್ಕೆ ಇನ್ನೂ ಕೈಹಾಕಲು ಆಗಿಲ್ಲ.

ಮುತ್ತಿನಂತಹ ಅಕ್ಷರದ ಆ ಹುಡುಗನಿಗೆ ಆಗಸ್ಟ್‌ವರೆಗೂ ನೋಟ್‌ಬುಕ್ ಮುಟ್ಟಲು ಬಿಡಲಿಲ್ಲ, ಅವನಿಗೆ ಅದು ಬಹಳ ಕಷ್ಟವಾಯಿತು. ಕಳೆದ ವಾರ ಅಡುಗೆ ಕೋಣೆಯ ಗೋಡೆಯ ಮುಂದೆ ನಿಂತು ಊಟದ ಪಟ್ಟಿಯನ್ನು ತಾನಾಗಿಯೇ ಓದುತ್ತಿದ್ದ. ಸೋಮವಾರ, ಅನ್ನ, ಸಾಂಬಾರ್ ಎಂದು ಬಂದು ‘ಮೊಟ್ಟೆ’ಯ ಬಳಿ ನಿಂತ. ಒತ್ತಿನ ಮೇಲೆ ಬೆರಳಿಟ್ಟು ಎರಡು ಸಲ ‘ಮೊಟೆ’ ಎಂದ, ಮೂರನೆಯ ಸಲ ಸರಿಯಾಗಿ ಹೇಳಿ, ಅಡುಗೆಯವರ ಕಡೆಗೆ ತಿರುಗಿ ‘ಇವತ್ತ ತತ್ತಿ ಐತಿ’ ಎಂದ.

ಅವನ ಮನೆಯವರು ದೀಪಾವಳಿ ಮರುದಿನ ಹೊರಡುತ್ತಾರೆ. ಅಜ್ಜಿಯ ಬಳಿ ಬಿಡಿ ಎಂದು ಎರಡು ಸಲ ಮನೆಗೆ ಹೋಗಿ ಕೇಳಿದೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಬಿಡಲು ಆಗುವುದಿಲ್ಲ ಎಂದು ಅವನ ತಾಯಿ ಅಳುತ್ತ ಹೇಳಿದರು. ಚೀಟಿ ಬರೆದಿಟ್ಟಿದ್ದೇನೆ: ಸರಳ ಪದಗಳನ್ನು ಓದುತ್ತಾನೆ, ಗುಣಿತ ಬರುತ್ತದೆ, ಒತ್ತಕ್ಷರಗಳನ್ನು ಈಗಷ್ಟೇ ಆರಂಭಿಸಿದ್ದೇವೆ, ದಯವಿಟ್ಟು ನೋಡಿ ಬರೆಯಲು ಮಾತ್ರ ಕೂರಿಸಬೇಡಿ. ಅವರು ಕೆಲಸಕ್ಕೆ ಹೋಗುವುದು ವೈಟ್‌ಫೀಲ್ಡ್ ಕಡೆಗಂತೆ. ಆ ಭಾಗದ ಸರ್ಕಾರಿ ಶಾಲೆಯಲ್ಲಿ ಕಲಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ, ಹೊರಡುವ ಮೊದಲು ಅವನ ತಾಯಿಗೆ ನಿಮ್ಮ ಶಾಲೆಯ ಹೆಸರನ್ನು ಹೇಳಿ ಕಳುಹಿಸುತ್ತೇನೆ.